ಎಣಿಸದೆ ಅಳೆದವರು

ಬಳ್ಳಾರಿಯ ಆಸ್ಪತ್ರೆಯೊಂದರ ಗೋಡೆಗೆ ಅಂಟಿಸಿದ್ದ ಮುಖಗಳ ಸಾಲು ಅದು. ಎಡತುದಿಯಲ್ಲಿ ನಗುವ ಮುಖ, ಅದರ ಕೆಳಗೆ ಸೊನ್ನೆ. ಬಲತುದಿಯಲ್ಲಿ ಗಳಗಳ ಅಳುವ ಮುಖ, ಅದರ ಕೆಳಗೆ ಹತ್ತು. ನಡುವಿನವು ಒಂದೊಂದಾಗಿ ಬಾಡುತ್ತಾ ಹೋಗುತ್ತವೆ. ಮೂತ್ರಪಿಂಡದಲ್ಲಿ ಕಲ್ಲಾಗಿ, ರಾಯದುರ್ಗದಿಂದ ಕಾರಿನ ಹಿಂದಿನ ಸೀಟಿನಲ್ಲಿ ಮುದುರಿಕೊಂಡು ಬಂದಿದ್ದ ನನ್ನನ್ನು ನರ್ಸ್ ಮಂಚದ ಮೇಲೆ ಮಲಗಿಸಿದಳು. ಆ ಸಾಲಿನ ಕಡೆ ಬೆರಳು ತೋರಿಸಿ, "ಹತ್ತಕ್ಕ ಎಷ್ಟ್ರೀ ನೋವು?" ಎಂದು ಕೇಳಿದಳು.

ನನಗೆ ನಗು ಬಂತು. ಆ ಹೊತ್ತಿನಲ್ಲಿ ನಗಬಾರದಿತ್ತು. ನಗುವ ಮುಖದ ಕೆಳಗೆ ಸೊನ್ನೆಯಿದ್ದದ್ದು ಆಮೇಲೆ ನೆನಪಾಯಿತು. ಆದರೆ ಏನು ಮಾಡಲಿ, ಆ ಮುಖಗಳ ಪಕ್ಕದಲ್ಲಿ ಒಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, "ಹತ್ತಕ್ಕೆ ಅಂದ್ರೆ ಯಾವ ಥರದ ಹತ್ತು ಕಣಮ್ಮ?" ಎಂದು ನರ್ಸಿಗೇ ಪರೀಕ್ಷೆ ಇಟ್ಟಂತೆ ಕಂಡಿತು. ಅವರು ನಮ್ಮ ಲೆಕ್ಕದ ಮೇಡಂ. ಅವರು ತೀರಿಕೊಂಡು ಕೆಲವು ವರ್ಷಗಳಾಗಿವೆ.

ನಾನು ಗಡಿಯಾಚೆ ತೆಲುಗು ಸೀಮೆಗೆ ಸೇರಿದ ನಮ್ಮ ರಾಯದುರ್ಗದಲ್ಲಿ ಡಿಗ್ರಿ ಓದುವಾಗ ಅವರು ನಮಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಊರು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕಡಲೆಕಾಯಿ ಬೆಳೆ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ರಾಯದುರ್ಗದಲ್ಲಿ ಬೆಟ್ಟದ ಕೆಳಗಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಊರಿಗೆ ಹೋದರೆ ಸೋಮವಾರ ಬರುವಾಗ ಬಟ್ಟೆಚೀಲದ ತುಂಬ ಕಡಲೆಕಾಯಿ ತರುತ್ತಿದ್ದರು. ನಮ್ಮ ಕಡೆ ಅದನ್ನು ಶೇಂಗಾ ಎನ್ನುತ್ತೇವೆ. ಅವರು ಎಷ್ಟು ಕಾಲ ನಮ್ಮ ನಡುವೆ ಇದ್ದರೂ "ಕಡ್ಲೆಕಾಯಿ" ಎನ್ನುವುದನ್ನು ಬಿಡಲಿಲ್ಲ, ನಾವು ಶೇಂಗಾ ಬಿಡಲಿಲ್ಲ. ತಿನ್ನುವಾಗ ಮಾತ್ರ ಇಬ್ಬರಿಗೂ ಭೇದವಿರಲಿಲ್ಲ. ಆ ಚೀಲಕ್ಕೆ ಅಂಟಿದ ಕೆಮ್ಮಣ್ಣಿನ ವಾಸನೆ, ಸೀಮೆಸುಣ್ಣದ ಪುಡಿಯ ವಾಸನೆ ಎರಡೂ ಸೇರಿ ಅವರದೇ ಒಂದು ವಾಸನೆಯಾಗಿತ್ತು...

ಅವರು ತುಂಬ ಕುಳ್ಳಗಿದ್ದರು. ಹಲಗೆಯ ಮೇಲ್ಭಾಗ ಅವರ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಅವರ ಪಾಠವೆಲ್ಲ ಕೆಳಗಿನ ಅರ್ಧದಲ್ಲೇ ನಡೆಯುತ್ತಿತ್ತು; ಮೇಲಿನ ಅರ್ಧದಲ್ಲಿ ಯಾರೋ ಬರೆದ ತೆಲುಗು ಅಕ್ಷರಗಳು ವಾರಗಟ್ಟಲೆ ಅಳಿಸದೆ ಉಳಿದಿರುತ್ತಿದ್ದವು. ಪುಸ್ತಕ ಇಂಗ್ಲಿಷಿನದು, ಕಾಲೇಜಿನ ಮಾತು ತೆಲುಗು, ಹಿಂದಿನ ಬೆಂಚಿನ ನಾವು ಕನ್ನಡ ಶಾಲೆಯಿಂದ ಬಂದವರು. ಅವರು ಮೂರು ಪಂಕ್ತಿಗೂ ಭೇದವಿಲ್ಲದೆ ಬಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ತೆಲುಗಿನಲ್ಲಿ ಬಿಡಿಸಿ, ನಮ್ಮ ಮುಖ ನೋಡಿ, "ಇನ್ನೂ ಒಳಗೆ ಇಳೀಲಿಲ್ವೇನಮ್ಮ?" ಎಂದು ಕನ್ನಡದಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ಒಂದು ಮಧ್ಯಾಹ್ನ ಒಳಗೆ ಬಂದವರೇ ಹಲಗೆಯ ಮೇಲೆ ನಾಲ್ಕು ಎಂಬ ಅಂಕಿಯನ್ನು ಸಾಲಾಗಿ ನಾಲ್ಕು ಕಡೆ ಬರೆದರು. ಇವೆಲ್ಲ ಒಂದೇನಾ ಎಂದು ಕೇಳಿದರು. ಒಂದೇ ಎಂದೆವು. ಇಷ್ಟು ಸುಲಭದ ಪ್ರಶ್ನೆ ಕೇಳುತ್ತಾರಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಚೀಲದಿಂದ ಒಂದು ಕಡಲೆಕಾಯಿ ತೆಗೆದು ಸುಲಿದು ಬಾಯಿಗೆ ಹಾಕಿಕೊಂಡು, ಮೊದಲನೆಯ ನಾಲ್ಕಿನ ಮೇಲೆ ಬೆರಳಿಟ್ಟರು.

ಅದು ಬಸ್ ಸ್ಟ್ಯಾಂಡಿನ ನಾಲ್ಕನೇ ಪ್ಲಾಟ್‌ಫಾರಂ. ಒಂದನೇದರಲ್ಲಿ ಒಬ್ಬ, ಮೂರನೇದರಲ್ಲಿ ಒಬ್ಬ ನಿಂತುಕೊಂಡು ಎರಡನ್ನೂ ಕೂಡಿಸಿದರೆ ನಾಲ್ಕನೇದರ ಬಸ್ಸು ಸಿಗುತ್ತದೆಯೇ? ಸಿಗುವುದಿಲ್ಲ. ಆ ನಾಲ್ಕು ಬರೀ ಹೆಸರು. ಅದರ ಬದಲು ಬೇವಿನಮರ ಎಂದು ಬರೆದಿದ್ದರೂ ಬಸ್ಸು ಅಲ್ಲಿಗೇ ಬರುತ್ತಿತ್ತು. ಅದು ಹೆಸರಿನ ಅಳತೆ, ಅದರಲ್ಲಿ ಸೊನ್ನೆಯೇ ಇಲ್ಲ. ಎರಡನೆಯದು ಓಟದ ಪಂದ್ಯದಲ್ಲಿ ನಾಲ್ಕನೆಯವನಾಗಿ ಬಂದವನ ನಾಲ್ಕು. ಮೊದಲ ಇಬ್ಬರು ಒಂದು ಕೂದಲೆಳೆ ಅಂತರದಲ್ಲಿ ಬಂದಿರಬಹುದು, ನಾಲ್ಕನೆಯವನು ದಾರಿಯಲ್ಲಿ ಸೋಡಾ ಕುಡಿದು ಬಂದಿರಬಹುದು. ಯಾರ ಹಿಂದೆ ಯಾರು ಎಂದು ಆ ಅಂಕಿ ಹೇಳುತ್ತದೆ, ಎಷ್ಟು ಹಿಂದೆ ಎಂದು ಹೇಳುವುದಿಲ್ಲ. ಅದು ಸಾಲಿನ ಅಳತೆ.

ಮೂರನೆಯದು ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ಔಷಧಿ ಇಡುವ ನಾಲ್ಕು ಡಿಗ್ರಿ. ಇಲ್ಲಿ ಮಾತ್ರ ಅಂತರ ಸಮ. ನಾಲ್ಕರಿಂದ ಎಂಟಕ್ಕೆ ಎಷ್ಟೋ, ಎಂಟರಿಂದ ಹನ್ನೆರಡಕ್ಕೂ ಅಷ್ಟೇ. ಹಾಗಾದರೆ ಎಂಟು ಡಿಗ್ರಿ ನಾಲ್ಕು ಡಿಗ್ರಿಯ ಎರಡರಷ್ಟು ಬಿಸಿಯೇ? ಹೌದು ಎಂದೆವು. ಅವರು ತಲೆ ಚಚ್ಚಿಕೊಂಡರು. ಅವರ ಮನೆಯ ರೇಷ್ಮೆ ಸಾಕುವ ಕೋಣೆಗೆ ಮೊದಲ ಸಲ ಥರ್ಮಾಮೀಟರ್ ತಂದಾಗ ಅವರ ಅಪ್ಪನೂ ಹೀಗೇ ತಿಳಿದಿದ್ದರಂತೆ. ಸೊನ್ನೆ ಡಿಗ್ರಿ ಎಂದರೆ ಬಿಸಿ ಪೂರ್ತಿ ಖಾಲಿಯಾದ ಜಾಗವಲ್ಲ. ನೀರು ಹೆಪ್ಪುಗಟ್ಟುವ ಕಡೆ ಮನುಷ್ಯ ಇಟ್ಟುಕೊಂಡ ಒಂದು ಗುರುತು. ಅದಕ್ಕಿಂತ ಕೆಳಗೂ ಇದೆ. ಸೊನ್ನೆಯೇ ತಳವಾಗಿಲ್ಲದ ಕಡೆ ಎರಡರಷ್ಟು, ಮೂರರಷ್ಟು ಎನ್ನುವ ಮಾತು ನಿಲ್ಲುವುದಿಲ್ಲ.

ಕೊನೆಯ ನಾಲ್ಕು ಎಂದರೆ ನಾಲ್ಕು ಕಿಲೋ ಕಡಲೆಕಾಯಿ. ಎರಡು ಕಿಲೋದ ಎರಡರಷ್ಟು, ಖಂಡಿತ. ಯಾಕೆಂದರೆ ಇಲ್ಲಿ ಸೊನ್ನೆ ನಿಜವಾದ ಸೊನ್ನೆ. ಇಷ್ಟು ಹೇಳಿ ಅವರು ತಮ್ಮ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ, ಖಾಲಿ ಚೀಲವನ್ನು ನಮ್ಮ ಮುಂದೆ ಎತ್ತಿ ಹಿಡಿದು ಕೊಡವಿದರು. ಒಂದಿಷ್ಟು ಕೆಮ್ಮಣ್ಣು ಉದುರಿತು. "ಇದು ಸೊನ್ನೆ. ಏನೂ ಇಲ್ಲ. ಗೊತ್ತಾಯ್ತೇನ್ರಮ್ಮ?"

ಒಂದನೇ ಕ್ಲಾಸಿನಿಂದ ಅಂದಿನವರೆಗೆ ನಾಲ್ಕು ಎಂದರೆ ನಾಲ್ಕೇ ಎಂದು ನಂಬಿ ಬಂದವಳು ನಾನು. ಒಂದೇ ಅಂಗಿ ತೊಟ್ಟು ನಾಲ್ಕು ಬೇರೆ ಬೇರೆ ಜನ ಇಷ್ಟು ದಿನ ನನ್ನ ಮುಂದೆ ಓಡಾಡಿಕೊಂಡಿದ್ದರಲ್ಲ, ನಾನು ಎಲ್ಲರನ್ನೂ ಒಬ್ಬನೇ ಎಂದು ಮಾತಾಡಿಸಿದೆನಲ್ಲ ಎಂದು ಮೈ ಜುಮ್ಮೆಂದಿತು. ಸಂಜೆ ಗುಮ್ಮಘಟ್ಟ ಕಡೆಯ ಆಟೋದಲ್ಲಿ ಊರಿಗೆ ಹೋಗುವಾಗ ಕಂಡ ಕಂಡ ಅಂಕಿಗಳನ್ನೆಲ್ಲ ಇದು ಯಾವ ಥರದ್ದು ಎಂದು ಕೇಳುತ್ತಾ ಹೋದೆ. ಲಾರಿಯ ನಂಬರು, ಮೈಲಿಗಲ್ಲು, ಪಕ್ಕದಲ್ಲಿ ಕೂತವರ ವಯಸ್ಸು... "ಅಂಕಿ ಕಂಡ ತಕ್ಷಣ ಕೂಡಿಸೋಕೆ ಹೋಗ್ಬೇಡಿ. ನೀನ್ಯಾರು ಅಂತ ಮೊದ್ಲು ಕೇಳಿ" ಎಂದು ಮೇಡಂ ಹೇಳಿದ್ದರು. ಆ ಮಾತು ನನ್ನನ್ನು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

ನಮ್ಮದು ಕುರಿ ಸಾಕುವ ಮನೆ. ಹೊಲ ಇತ್ತು, ಆದರೆ ಮಳೆ ನಂಬಿ ಕೂತ ಹೊಲ; ಮನೆ ನಡೆಸುತ್ತಿದ್ದದ್ದು ಕುರಿಗಳೇ. ಮಂದೆ ಅಜ್ಜಿಯದು. ನಮ್ಮ ತಾತ ಹೋದ ಮೇಲೆ ಅವಳೇ ಅದರ ಯಜಮಾನಿ. ಅಪ್ಪ, ಅಣ್ಣ ಮೇಯಿಸಲು ಹೋಗುತ್ತಿದ್ದರು, ಆದರೆ ಸಂಜೆ ರೊಪ್ಪದ ಬಾಗಿಲಲ್ಲಿ ಕುರಿಗಳನ್ನು ಒಳಗೆ ಕರೆದುಕೊಳ್ಳುವುದು ಅಜ್ಜಿಯ ಕೆಲಸ. ರೊಪ್ಪ ಎಂದರೆ ಮುಳ್ಳುಬೇಲಿ ಕಟ್ಟಿದ ಕುರಿಯ ದೊಡ್ಡಿ. ಅದರ ಬಾಗಿಲು ಒಂದು ಕುರಿ ನುಗ್ಗುವಷ್ಟೇ ಅಗಲ.

ಅಜ್ಜಿಯ ಮಂದೆಯಲ್ಲಿ ಎಷ್ಟು ಕುರಿ ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಕುರಿ ಎಣಿಸಬಾರದು; ಎಣಿಸಿದರೆ ಕಣ್ಣು ಬೀಳುತ್ತದೆ, ಮಂದೆ ಕರಗುತ್ತದೆ. ಇದು ನಮ್ಮ ಕಡೆ ಹಲವು ಕುರಿಗಾರರ ಮಾತು. ಅಜ್ಜಿಗೆ ಅದು ಬರೀ ಮಾತಾಗಿರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಯಾವನೋ ಸಾಹೇಬ ಬಂದು ಕೇಳಿದನೆಂದು ಅವಳ ಮಾವ ಕಲ್ಲಿನ ಮೇಲೆ ನಿಂತು ಕೋಲು ತೋರಿಸುತ್ತಾ ಗಟ್ಟಿಯಾಗಿ ಎಣಿಸಿದ್ದನಂತೆ. ಆ ಬೇಸಿಗೆಯಲ್ಲೇ ರೋಗ ಹೊಕ್ಕು ಮಂದೆ ಅರ್ಧಕ್ಕೆ ಇಳಿಯಿತಂತೆ. ಹಗಲೆಲ್ಲ ಗುಂಡಿ ತೋಡಿದ್ದನ್ನು ಅಜ್ಜಿ ಹೇಳುವಾಗ ಅವಳ ಕೈ ತಾನಾಗಿ ಮಣ್ಣು ಎಳೆಯುವಂತೆ ಆಡುತ್ತಿತ್ತು...

ಎಣಿಸದಿದ್ದರೆ ಒಂದು ತಪ್ಪಿಸಿಕೊಂಡದ್ದು ಗೊತ್ತಾಗುವುದು ಹೇಗೆ? ಅಜ್ಜಿ ಹೆಸರು ಕರೆಯುತ್ತಿದ್ದಳು. ಕೆಂಚಿ, ಚುಕ್ಕಿ, ಮೋಟುಗಿವಿ, ಗೆಜ್ಜಿಕಾಲಿ, ಕರಿಮೋರಿ, ಶುಕ್ರವಾರದಾಕಿ, ಗೌಡರ ಹೊಲದಾಕಿ. ಒಂದೊಂದಾಗಿ ಒಳಗೆ ಬರುತ್ತಿದ್ದವು. ಕರೆದ ಹೆಸರಿಗೆ ಯಾರೂ ಬರದಿದ್ದರೆ ಅಣ್ಣ ಲಾಟೀನು ಹಿಡಿದು ಹಳ್ಳದ ಕಡೆ ಓಡುತ್ತಿದ್ದ. ಒಂದು ಹೆಣ್ಣು ಕುರಿ ಮುದಿಯಾಗಿ ಹೋದರೆ ಅದರ ಮಗಳಿಗೆ ಅದೇ ಹೆಸರು. ಹಾಗಾಗಿ ನಮ್ಮಲ್ಲಿ ಕೆಂಚಿ ಇಲ್ಲದ ಕಾಲವೇ ಇರಲಿಲ್ಲ.

ನಾನು ಎರಡನೇ ವರ್ಷದಲ್ಲಿದ್ದಾಗ ಪಕ್ಕದ ಊರುಗಳಲ್ಲಿ ಕುರಿಗಳಿಗೆ ರೋಗ ಬಿತ್ತು. ಮೂಗು ಸುರಿಸಿಕೊಂಡು, ಬಾಯಿ ಹುಣ್ಣಾಗಿ, ಭೇದಿ ಹತ್ತಿ ನಿಂತ ನಿಂತಲ್ಲೇ ಬೀಳುತ್ತಿದ್ದವು. ದನದ ಡಾಕ್ಟರೊಬ್ಬ ಮೋಟಾರ್ ಸೈಕಲ್ಲಿನ ಹಿಂದೆ ಐಸ್ ಡಬ್ಬಿ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ತೆಲುಗಿನ ಹುಡುಗ, ಹೊಸದಾಗಿ ಕೆಲಸಕ್ಕೆ ಬಂದಿದ್ದ, ಒಳ್ಳೆಯವನು. ಅವನದೂ ಒಂದು ಕಷ್ಟವಿತ್ತು. ಇದ್ದ ಲಸಿಕೆ ಕಮ್ಮಿ, ಕಾಯುವ ಊರು ಹಲವು. ಸೀಸೆಯಲ್ಲಿ ಬರುವ ಲಸಿಕೆಯ ಪುಡಿಗೆ ನೀರು ಬೆರೆಸಿದ ಮೇಲೆ ಅದು ಬೇಗ ಕೆಡುತ್ತದೆ, ಉಳಿದದ್ದನ್ನು ಇನ್ನೊಂದು ಊರಿಗೆ ಒಯ್ಯುವಂತಿಲ್ಲ. ಅದಕ್ಕೆ ಅವನು ಮೊದಲು ಎಷ್ಟು ಕುರಿ ಎಂದು ಕೇಳಿ ತಿಳಿದುಕೊಂಡೇ ಸೀಸೆ ಒಡೆಯುತ್ತಿದ್ದ.

ಅಜ್ಜಿಗೂ ಕೇಳಿದ. "ಬಾಳ ಅದಾವಪ್ಪ" ಎಂದಳು. ಬಾಳ ಎಂದರೆ ಎಷ್ಟಮ್ಮಾ ಎಂದ. "ನನಗ ಸಾಕಾಗುವಷ್ಟು" ಎಂದಳು. ಅಪ್ಪನ ಕಡೆ ತಿರುಗಿದ. ಅಪ್ಪ ತಲೆ ತಗ್ಗಿಸಿದ. ತಾನೇ ಎಣಿಸಿಕೊಳ್ಳುತ್ತೇನೆ ಎಂದು ರೊಪ್ಪದ ಕಡೆ ಹೆಜ್ಜೆಯಿಟ್ಟಾಗ ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಲಸಿಕೆ ಬೇಡವೆಂದಲ್ಲ, ಸೂಜಿ ಹಾಕಿ, ಆದರೆ ಎಣಿಸಬೇಡಿ ಎನ್ನುವುದು ಅವಳ ಮಾತು. ಆ ಹುಡುಗ ಎರಡು ಕೈಯನ್ನೂ ಮೇಲೆತ್ತಿ ಹೊರಟ. ಭಾನುವಾರ ಬೆಳಿಗ್ಗೆ ಈ ದಾರಿಯಲ್ಲಿ ಮತ್ತೊಮ್ಮೆ ಬರುತ್ತೇನೆ, ಅಷ್ಟರಲ್ಲಿ ಹೇಳಿದರೆ ಸರಿ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದ.

ಮಂದೆ ಹೋದರೆ ನಮಗೆ ಏನೂ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಎರಡು ಭಯಗಳ ನಡುವೆ ಕೂತಿದ್ದಳು. ಎಣಿಸದಿದ್ದರೆ ರೋಗ, ಎಣಿಸಿದರೆ ಕಣ್ಣು. ಒಮ್ಮೆ ಕಣ್ಣಾರೆ ಕಂಡದ್ದೇ ಅವಳಿಗೆ ಹೆಚ್ಚಿನ ಭಯವಾಗಿತ್ತು.

ಶುಕ್ರವಾರ ಕ್ಲಾಸು ಮುಗಿದ ಮೇಲೆ ಮೇಡಂಗೆ ಹೇಳಿಕೊಂಡೆ. ಯಾಕೆ ಹೇಳಿದೆನೋ, ಅವರು ದನದ ಡಾಕ್ಟರಲ್ಲ, ಮಂತ್ರವಾದಿಯೂ ಅಲ್ಲ. ಅಜ್ಜಿಗೆ ಬುದ್ಧಿ ಹೇಳಿ ಎಂದು ಕೇಳಿಕೊಂಡೆನೆಂದು ಕಾಣುತ್ತದೆ. ಅವರು ಬುದ್ಧಿಯ ಮಾತೇ ಎತ್ತಲಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ, "ಕುರಿ ಕಾಣೆಯಾದ್ರೆ ನಿಮ್ಮಜ್ಜಿಗೆ ಹೆಂಗೆ ಗೊತ್ತಾಗುತ್ತೆ?" ಎಂದರು. ಹೆಸರು ಕರೆಯುವುದನ್ನು ಹೇಳಿದೆ. ಅವರ ಮುಖದಲ್ಲಿ ಕಂಡದ್ದು ಬೆರಗು. ಹಳ್ಳಿಯವರ ಮೂಢನಂಬಿಕೆ ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. "ನಿಮ್ಮಜ್ಜಿ ಮೊದಲನೇ ಅಳತೇಲಿ, ಹೆಸರಿನದ್ರಲ್ಲಿ ನಿಂತವ್ರೆ. ಡಾಕ್ಟರು ನಾಲ್ಕನೇದ್ರಲ್ಲಿ ನಿಂತ್ಕೊಂಡು ಕೂಗ್ತಾ ಅವ್ರೆ. ಕೇಳ್ಸಾದು ಹೆಂಗೆ?" ಎಂದರು. ಆ ವಾರ ಅವರು ಮಡಕಶಿರಾಕ್ಕೆ ಹೋಗಲಿಲ್ಲ.

ಭಾನುವಾರ ಬೆಳಕು ಹರಿಯುವಾಗಲೇ ಮೊದಲ ಆಟೋದಲ್ಲಿ, ಹಾಲಿನ ಕ್ಯಾನುಗಳ ನಡುವೆ ಸಿಕ್ಕಿಕೊಂಡು ಬಂದರು. ಹೆಗಲಿಗೆ ಅದೇ ಬಟ್ಟೆಚೀಲ, ಕೈಯಲ್ಲಿ ಊಟದ ಖಾಲಿ ಸ್ಟೀಲ್ ಡಬ್ಬಿ. ಅಜ್ಜಿ ಮೊದಲೇ ಮುಖ ಗಂಟು ಹಾಕಿಕೊಂಡಿದ್ದಳು. "ಬರ್ರಿ ಮೇಡಮ್ಮಾರ, ಕುಂದರ್ರಿ. ನೀವೂ ಎಣಿಸಾಕ ಬಂದೀರೇನು?" ಎಂದಳು.

"ಇಲ್ಲಮ್ಮ. ನಾನು ಕುರಿ ಕಡೆ ತಿರುಗಿ ಕೂಡ ನೋಡಲ್ಲ. ನೀವು ಸಂಜೆ ಕರೀತೀರಲ್ಲ, ಹಂಗೇ ಒಂದೊಂದೇ ಹೆಸ್ರು ಕರೀರಿ, ಕೇಳ್ಬೇಕು ಅಂತ ಆಸೆ."

ಹೆಸರು ಕರೆಯುವುದಕ್ಕೆ ಅಜ್ಜಿಯ ತಕರಾರಿರಲಿಲ್ಲ. ಹೆಸರು ಕರೆದರೆ ಕುರಿಗೆ ಒಳ್ಳೆಯದೇ. ಅಣ್ಣ ಮಂದೆಯನ್ನು ಹೊರಗೆ ಬಿಟ್ಟು ಮತ್ತೆ ರೊಪ್ಪದ ಬಾಗಿಲಿಗೆ ತಿರುಗಿಸಿದ. ಮೇಡಂ ಬಾಗಿಲಿಗೆ ಬೆನ್ನು ಮಾಡಿ, ಗುಮ್ಮಘಟ್ಟದ ಗುಡ್ಡಗಳ ಕಡೆ ಮುಖ ಮಾಡಿ ನಿಂತರು. ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಅಜ್ಜಿ "ಕೆಂಚೀ" ಎಂದಳು. ಕೆಂಚಿ ಒಳಗೆ ಹೋಯಿತು. ಮೇಡಂ ಚೀಲದಿಂದ ಒಂದು ಕಡಲೆಕಾಯಿ ತೆಗೆದು ಡಬ್ಬಿಗೆ ಹಾಕಿದರು. ಟಣ್ ಎಂದಿತು. "ಚುಕ್ಕೀ." ಮತ್ತೊಂದು ಟಣ್. ಮೊದಮೊದಲು ಡಬ್ಬಿಯ ತಳ ಸದ್ದು ಮಾಡುತ್ತಿತ್ತು, ಆಮೇಲೆ ಕಾಯಿಯ ಮೇಲೆ ಕಾಯಿ ಬಿದ್ದು ಸದ್ದಡಗಿತು. ಹೆಸರು, ಗೊರಸಿನ ಸದ್ದು, ಒಂದು ಕಾಯಿ. ಹೆಸರು, ಗೊರಸಿನ ಸದ್ದು, ಒಂದು ಕಾಯಿ...

ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಅವರ ತುಟಿ ಅಲುಗುತ್ತಿದೆಯೇ ಎಂದು ನೋಡಿದೆ. ಇಲ್ಲ. ಇಡೀ ಬದುಕು ಅಂಕಿಗಳ ಜೊತೆ ಕಳೆದ ಹೆಂಗಸು ಒಂದನ್ನೂ ಎಣಿಸದೆ ನಿಂತಿದ್ದರು. ಎಣಿಸಬಾರದೆಂದರೆ ಮನಸ್ಸಿನಲ್ಲೂ ಎಣಿಸಬಾರದು. ಅಜ್ಜಿಗೆ ಕೊಟ್ಟ ಮಾತನ್ನು ಅವರು ಅಷ್ಟು ನಿಜವಾಗಿ ನಡೆಸುತ್ತಿದ್ದರು. ದೇವಸ್ಥಾನದಲ್ಲಿ ಕೂಡ ನಾನು ಅಂಥ ಮುಖ ಕಂಡಿಲ್ಲ. ಆ ಬೆಳಿಗ್ಗೆ ಅವರ ಕಡೆ ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಡಾಕ್ಟರ ಮೋಟಾರ್ ಸೈಕಲ್ ಬೇವಿನಮರದ ಕೆಳಗೆ ಬಂದು ನಿಂತಿತ್ತು. ಕೊನೆಯ ಹೆಸರಾದ ಮೇಲೆ ಮೇಡಂ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಹತ್ತಿರ ನಡೆದರು. ತೆಲುಗಿನಲ್ಲಿ ಏನೋ ಹೇಳಿದರು. ಅವನು ಮೊದಲು ಡಬ್ಬಿ ನೋಡಿದ, ಆಮೇಲೆ ಅಜ್ಜಿಯನ್ನು ನೋಡಿದ, ಆಮೇಲೆ ಸೀಟಿನ ಮೇಲೆ ಟವೆಲ್ ಹಾಸಿ ಕಾಯಿಗಳನ್ನು ಸುರಿದುಕೊಂಡು ನಮಗೆ ಬೆನ್ನು ಮಾಡಿ ಎಣಿಸಿದ. ಎಣಿಕೆ ಎಷ್ಟೆಂದು ಅವನು ಗಟ್ಟಿಯಾಗಿ ಹೇಳಲಿಲ್ಲ, ನಾವು ಕೇಳಲಿಲ್ಲ. ಅವನು ಎಣಿಸಿದ್ದು ಕುರಿಗಳನ್ನಲ್ಲ. ಅಜ್ಜಿ ಅದನ್ನು ದೂರದಿಂದಲೇ ನೋಡುತ್ತಾ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಶೇಂಗಾ ಎಣಿಸಿದ್ರ ಶೇಂಗಾಕ್ಕ ಕಣ್ಣು ಬೀಳತೈತಿ. ನಮಗೇನು" ಎಂದು ಬಾಗಿಲಿನಿಂದ ಸರಿದಳು.

ಡಾಕ್ಟರ್ ಸೀಸೆಗೆ ನೀರು ಬೆರೆಸಿದ. ಅಪ್ಪ, ಅಣ್ಣ ಒಂದೊಂದನ್ನೇ ಹಿಡಿದು ಕೊಟ್ಟರು, ಡಾಕ್ಟರ್ ಸೂಜಿ ಹಾಕುತ್ತಾ ಹೋದ. ಎಳೆಯ ಮರಿಗಳಿಗೆ ಈಗ ಬೇಡ ಎಂದು ಅವನೇ ಬಿಟ್ಟ. ಕೊನೆಯ ಕುರಿಗೂ ಆಯಿತು. ಸೀಸೆಯ ತಳದಲ್ಲಿ ಒಂದಿಷ್ಟು ಹನಿ ಉಳಿದಿತ್ತು. ಕರಾರುವಾಕ್ಕಾದ ಲೆಕ್ಕ ಎಂದು ಅವನು ಮೇಡಂಗೆ ಕೈ ಮುಗಿಯುವಷ್ಟರಲ್ಲಿ ನಮ್ಮ ಅಡುಗೆಮನೆಯ ಒಳಗಿನಿಂದ ಒಂದು ಮರಿ ಮೇ ಎಂದಿತು.

ತಾಯಿ ಸತ್ತ ಹೆಣ್ಣುಮರಿ ಅದು. ಅವ್ವ ಅದನ್ನು ಒಲೆಯ ಪಕ್ಕದಲ್ಲಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಉಳಿಯುತ್ತದೆಂದು ಯಾರೂ ನೆನೆಸಿರಲಿಲ್ಲ. ಅದು ಉಳಿದದ್ದಲ್ಲದೆ ಮೊಣಕಾಲೆತ್ತರಕ್ಕೆ ಬೆಳೆದು, ಸೂಜಿ ಹಾಕುವ ವಯಸ್ಸೂ ಆಗಿತ್ತು. ಆದರೆ ಅದು ಮಂದೆಯ ಜೊತೆ ಹೊರಗೆ ಹೋದದ್ದಿಲ್ಲ. ಹೊರಗೆ ಹೋಗಿ ಮೇಯಲು ಕಲಿತ ಮೇಲೆಯೇ ನಮ್ಮಲ್ಲಿ ಮರಿಗೆ ಹೆಸರಿಡುವುದು. ಹೆಸರಿಲ್ಲ, ಅದಕ್ಕೆ ಅಜ್ಜಿ ಕರೆಯಲಿಲ್ಲ, ಅದಕ್ಕೆ ಡಬ್ಬಿಗೆ ಕಾಯಿ ಬೀಳಲಿಲ್ಲ.

ಮೇಡಂ ಖಾಲಿ ಡಬ್ಬಿಯೊಳಗೆ ನೋಡಿದರು. "ಅಯ್ಯೋ, ಹೆಸರಿಲ್ಲದ್ದು ನನ್ನ ಡಬ್ಬೀಲೇ ಇಲ್ವಲ್ಲ" ಎಂದರು. ಅಷ್ಟು ದೊಡ್ಡ ಮಂದೆಗೆ ದಾರಿ ಮಾಡಿಕೊಟ್ಟವರು, ಒಂದು ಮರಿ ಹೊರಗುಳಿಯಿತಲ್ಲ ಎಂದು ಪರೀಕ್ಷೆಯಲ್ಲಿ ತಪ್ಪಿದವರ ಹಾಗೆ ನಿಂತರು. ಇನ್ನೊಂದು ಸೀಸೆ ಒಡೆಯಲು ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಡಾಕ್ಟರ್ ಸೀಸೆಯನ್ನು ಓರೆಯಾಗಿ ಹಿಡಿದು, ಬೆರಳಿನಿಂದ ಮೆಲ್ಲಗೆ ಬಡಿದು, ತಳದ ಹನಿಗಳನ್ನು ಸೂಜಿಗೆ ಎಳೆಯತೊಡಗಿದ. ನಾವೆಲ್ಲ ಆ ಸೂಜಿಯನ್ನೇ ನೋಡುತ್ತಿದ್ದೆವು. ಅದು ಗೆರೆಯವರೆಗೆ ಏರಿತು. ಸಾಲುತ್ತದೆ ಎಂದು ತಲೆಯಾಡಿಸಿದ.

"ತಡೀರಿ" ಎಂದರು ಮೇಡಂ. "ಅಮ್ಮ, ಮೊದ್ಲು ಇದಕ್ಕೊಂದು ಹೆಸ್ರಿಡಿ. ಆಮೇಲೆ ಸೂಜಿ."

ಅಜ್ಜಿ ಮರಿಯ ಗದ್ದ ಹಿಡಿದು ಮೇಲಕ್ಕೆತ್ತಿದಳು. ಮೇಡಂ ಮುಖ ಒಮ್ಮೆ ನೋಡಿದಳು. ಕುಳ್ಳಗಿನ ಕಾಲು, ದುಂಡು ಕಣ್ಣು, ಎಲ್ಲಿ ಏನು ಸಿಕ್ಕರೂ ಬಾಯಾಡಿಸುವ ಚಟ... ಅವಳಿಗೆ ಹೋಲಿಕೆ ಕಂಡಿರಬೇಕು.

"ಮೇಡಮ್ಮ ಅಂತ ಕರೀತೀನ್ರಿ" ಎಂದಳು.

ಅಪ್ಪ ನಾಲಿಗೆ ಕಚ್ಚಿಕೊಂಡ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ಚೀಲಕ್ಕೆ ಕೈ ಹಾಕಿ, ಒಂದು ಕಡಲೆಕಾಯಿ ತೆಗೆದು, ಖಾಲಿ ಡಬ್ಬಿಗೆ ಟಣ್ ಎಂದು ಹಾಕಿದರು. ಆಮೇಲೆ ಆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಕ್ಕರು. ಆ ನಗುವಿನಲ್ಲಿ ಅವರ ಕಣ್ಣೂ ಒದ್ದೆಯಾಗಿತ್ತು.

ರೋಗ ನಮ್ಮೂರಿಗೂ ಬಂತು. ಹಲವರ ಮನೆಯಲ್ಲಿ ಗುಂಡಿ ತೋಡಿದರು. ನಮ್ಮ ಮಂದೆ ನಿಂತಿತು, ಮೇಡಮ್ಮನೂ ನಿಂತಳು. ಊರಿನ ಬೇರೆ ಕುರಿಗಾರರೂ ಆಮೇಲೆ ಹೆಸರು ಕರೆದು ಕಾಯಿ ಹಾಕತೊಡಗಿದರು. ಹೆಸರಿಡುವ ಅಭ್ಯಾಸವಿಲ್ಲದವರು ಅವಸರದಲ್ಲಿ ಕುರಿಗಳಿಗೆ ನೆಂಟರ ಹೆಸರನ್ನೆಲ್ಲ ಇಟ್ಟು ಜಗಳ ತಂದುಕೊಂಡರು. ಕಾಲೇಜಿನಲ್ಲಿ ಮಾತ್ರ ಮೇಡಂ ಆ ವಿಷಯ ಎತ್ತಲಿಲ್ಲ. ಒಂದೇ ಒಂದು ಸಲ, ಯಾವುದೋ ಪಾಠದ ನಡುವೆ, ಹೆಸರಿನ ಅಳತೆ ಎಲ್ಲಕ್ಕಿಂತ ಕೆಳಗಿನದು ಎಂದು ಪುಸ್ತಕದಲ್ಲಿದ್ದ ಸಾಲನ್ನು ಓದಿ, ಪುಸ್ತಕ ಮಡಚಿ, "ಕೆಳಗಿಂದು ಅಂದ್ರೆ ಪಾಯ ಅಂತ ಓದ್ಕೊಳ್ಳಿ. ಹೆಸ್ರೇ ಇಲ್ದಿದ್ರೆ ಎಣಿಕೇಗೂ ಬರಲ್ಲ" ಎಂದರು. ಎಲ್ಲರೂ ಬರೆದುಕೊಂಡರು. ನಾನು ಒಲೆಯ ಪಕ್ಕದ ಆ ಮರಿಯನ್ನು ನೆನೆಸಿಕೊಂಡೆ.

ನಾನೂ ಓದು ಮುಗಿಸಿ ರಾಯದುರ್ಗದಲ್ಲೇ ಶಾಲೆಯೊಂದರಲ್ಲಿ ಲೆಕ್ಕದ ಟೀಚರಾದೆ. ಅವರು ರಿಟೈರಾಗಿ ಮಡಕಶಿರಾಕ್ಕೆ ಹೋದರು. ಯಾವಾಗಲೋ ಒಮ್ಮೆ ಫೋನು... ಒಂದು ದಿನ ಅವರ ತಮ್ಮನ ಮಗಳು ಫೋನು ಮಾಡಿ, ಅತ್ತೆಗೆ ಹುಷಾರಿಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಎಂದಳು. ಬಸ್ಸು ಬದಲಿಸಿ ಬದಲಿಸಿ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದ ಮನೆ. ಮೊದಲೇ ಕುಳ್ಳಗಿದ್ದವರು ಹಾಸಿಗೆಯಲ್ಲಿ ಇನ್ನೂ ಸಣ್ಣಗಾಗಿದ್ದರು. ನೋವು ಹೇಗಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಹೇಳಿದರು. "ಆಸ್ಪತ್ರೇಲಿ ಇದ್ದಾಗ ದಿನಾ ಕೇಳ್ತಿದ್ರು ಕಣೆ, ಹತ್ತಕ್ಕೆ ಎಷ್ಟು ಅಂತ. ಒಂದಿನ ಏಳು ಅಂದೆ, ಮಾರನೇ ದಿನಾನೂ ಏಳು ಅಂದೆ. ಎರಡು ಏಳೂ ಒಂದೇ ಅಂದ್ಕೊಂಡು ಖುಷಿಯಾಗಿ ಬರ್ಕೊಂಡ್ಲು ನರ್ಸು, ಪಾಪ. ಅದು ಸಾಲಿನ ಅಳತೆ, ತಕ್ಕಡಿ ಅಲ್ಲ ಅಂತ ಆ ಹುಡುಗೀಗೆ ಹೇಳೋರ್ಯಾರು?"

ನಕ್ಕೆವು. ನಗುವಾಗ ಅವರಿಗೆ ನೋವಾಗುತ್ತಿತ್ತು, ಆದರೂ ನಕ್ಕರು. ಆಮೇಲೆ ಮೆಲ್ಲಗೆ, "ಮೇಡಮ್ಮ ಹೆಂಗವ್ಳೆ?" ಎಂದರು.

ಆ ಮರಿ ದೊಡ್ಡದಾಗಿ, ಈದು, ಮುದಿಯಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಅಜ್ಜಿಯೂ ಹೋಗಿದ್ದಳು. ಆದರೆ ಮಂದೆಯಲ್ಲಿ ಮೇಡಮ್ಮ ಇದ್ದಳು. ಮಗಳು, ಮಗಳ ಮಗಳು, ಹೆಸರು ಅದೇ. ಹಾಗೆಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಬಂತೇನೋ ಅಂದುಕೊಂಡೆ.

"ಹೆಸರಿನ ಅಳತೇಲಿ ಸೊನ್ನೆ ಇಲ್ಲ, ನೆನಪೈತಾ?" ಎಂದರು.

ಐತಿ ಮೇಡಂ ಎಂದೆ. ಅದು ನಮ್ಮ ನಡುವಿನ ಕೊನೆಯ ಮಾತು. ಹಾಸಿಗೆಯ ಪಕ್ಕದಲ್ಲಿ ಆ ಬಟ್ಟೆಚೀಲ ಗೂಟಕ್ಕೆ ತೂಗುತ್ತಿತ್ತು. ಖಾಲಿಯಾಗಿತ್ತು. ಅವರು ಈಗ ಏನನ್ನೂ ಜಗಿಯುವಂತಿರಲಿಲ್ಲ...

ಬಳ್ಳಾರಿಯ ನರ್ಸಿಗೆ ನಾನು ಏಳು ಎಂದೆ. ಸತ್ಯವಾಗಿ ಎಷ್ಟಿತ್ತೋ ನನಗೂ ತಿಳಿಯದು; ಅವರ ನೆನಪಿಗೆ ಏಳು ಎಂದೆ. ಅವಳು ಬರೆದುಕೊಂಡು ಹೋದಳು. ಕಲ್ಲು ತಾನಾಗಿ ಹೊರಬಿತ್ತು, ಸ್ವಲ್ಪ ದಿನ ರಜೆ ಹಾಕಿ ಊರಿಗೆ ಹೋಗಿದ್ದೆ.

ಈಗ ರೊಪ್ಪದ ಬಾಗಿಲಲ್ಲಿ ನಿಲ್ಲುವವಳು ಅತ್ತಿಗೆ, ಅಣ್ಣನ ಹೆಂಡತಿ. ಕುರಿಗಳ ಕಿವಿಗೆ ಹಳದಿ ಬಿಲ್ಲೆ ಬಂದಿದೆ, ಬಿಲ್ಲೆಯ ಮೇಲೆ ಉದ್ದನೆಯ ಅಂಕಿ. ಅತ್ತಿಗೆ ಆ ಅಂಕಿಯನ್ನು ಓದುವುದಿಲ್ಲ. ಮೇಡಂ ಇದ್ದಿದ್ದರೆ ಅದೂ ಹೆಸರೇ ಕಣಮ್ಮ, ಅಂಕಿಯ ಅಂಗಿ ತೊಟ್ಟಿದೆ ಅಷ್ಟೇ ಎನ್ನುತ್ತಿದ್ದರು. ಸಂಜೆ ಮಂದೆ ಬಂದಾಗ ನಾನು ಹೊರಗೆ ಕಟ್ಟೆಯ ಹತ್ತಿರ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಬೇಕೆಂದೇ ಹಾಗೆ ನಿಂತೆ. ಗುಡ್ಡಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಹಿಂದಿನಿಂದ ಹೆಸರುಗಳು ಕೇಳುತ್ತಿದ್ದವು, ಒಂದೊಂದು ಹೆಸರಿನ ಹಿಂದೆ ಗೊರಸಿನ ಸದ್ದು.

"ಮೇಡಮ್ಮಾ" ಎಂದು ಅತ್ತಿಗೆ ಕರೆದಳು.

ಸದ್ದಿಲ್ಲ.

ಮಡಕಶಿರಾದ ಆ ಮನೆಯಲ್ಲಿ ಈಗ ಮಂಚವಿಲ್ಲ, ಗೂಟಕ್ಕೆ ಚೀಲವಿಲ್ಲ. ಯಾವ ಬಸ್ಸು ಬದಲಿಸಿ ಹೋದರೂ ಅವರು ಸಿಗುವುದಿಲ್ಲ. ಅವರಿಲ್ಲ ಎನ್ನುವುದು ಅವರು ಕೊಡವಿ ತೋರಿಸಿದ ಚೀಲದಂಥ ನಿಜವಾದ ಸೊನ್ನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅತ್ತಿಗೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಏ ಮೇಡಮ್ಮಾ, ಬಾರವ್ವ" ಎಂದಳು. ತಡೆಯಲಾಗದೆ ತಿರುಗಿದೆ. ಬೇಲಿಯ ಹೊರಗೆ ಯಾವುದೋ ಬಳ್ಳಿ ಜಗಿಯುತ್ತಾ ನಿಂತಿದ್ದ ಒಂದು ಕುಳ್ಳ ಕುರಿ ತಲೆಯೆತ್ತಿ ನೋಡಿತು. ಅವಸರವಿಲ್ಲದೆ, ಬಾಯಾಡಿಸುತ್ತಲೇ ನಡೆದು ಬಂದು ನನ್ನನ್ನು ದಾಟಿ ಒಳಗೆ ಹೋಯಿತು.

ಅತ್ತಿಗೆ ಮುಂದಿನ ಹೆಸರು ಕರೆದಳು.